ನೋಡುವವರನ್ನು ನೋಡುವ ಹಕ್ಕು

ಕನ್ನಡದಲ್ಲಿ ಬರೆದರೆ ಎರಡು ನಾರ್ವೆಗಳಿವೆ. ಒಂದು ಕೊಪ್ಪ ತಾಲ್ಲೂಕಿನದು, ಅಡಿಕೆ ತೋಟಗಳ ನಡುವಿನ ನಮ್ಮೂರು. ಇನ್ನೊಂದು ಯುರೋಪಿನ ಉತ್ತರ ತುದಿಯ ದೇಶ. ಒಂದಕ್ಷರವೂ ವ್ಯತ್ಯಾಸವಿಲ್ಲ. ಯುರೋಪಿನ ಮಾಹಿತಿ ರಕ್ಷಣೆಯ ಕಾನೂನನ್ನು ಬುಡದಿಂದ ಕಲಿಯಬೇಕೆಂದು ಓದತೊಡಗಿದ ಮೇಲೆ ಈ ಎರಡು ನಾರ್ವೆಗಳೂ ಪುಟಪುಟಕ್ಕೆ ಎದುರಾದವು. ವಕೀಲರ ಹಾಗೆ ಓದುವ ತರಬೇತಿ ನನಗಿಲ್ಲ. ಕಾದಂಬರಿ ಓದುವ ಹಾಗೆ ಓದಿದೆ: ಇಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಹೆಸರಿದೆ, ಯಾರಿಗಿಲ್ಲ, ಯಾವ ಭಯ ಈ ವಾಕ್ಯಗಳನ್ನು ಬರೆಸಿದೆ ಎಂದು.

ಪಠ್ಯ ದೊಡ್ಡದೇ. ಜಿಡಿಪಿಆರ್ ಎಂದು ಎಲ್ಲರೂ ಕರೆಯುವ ಈ ನಿಯಮಾವಳಿ 2016ರ ಏಪ್ರಿಲ್ 27ರಂದು ಅಂಗೀಕಾರವಾಗಿ, 2018ರ ಮೇ 25ರಿಂದ ಅನ್ವಯವಾಯಿತು. ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲದ ನಾರ್ವೆ ದೇಶವೂ ಆರ್ಥಿಕ ವಲಯದ ಒಪ್ಪಂದದ ಮೂಲಕ ಅದೇ ವರ್ಷದ ಜುಲೈ 20ರಿಂದ ಇದರೊಳಗೆ ಬಂತು. 99 ವಿಧಿಗಳು, ಅವಕ್ಕೂ ಮೊದಲು ಪೀಠಿಕೆಯ 173 ಟಿಪ್ಪಣಿಗಳು. ಆದರೆ ತಿರುಳೆಲ್ಲ ಐದನೆಯ ವಿಧಿಯಲ್ಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ನ್ಯಾಯವಾಗಿ, ಹೇಳಿ ಕೇಳಿ ತೆಗೆದುಕೋ, ಹೇಳಿದ ಕೆಲಸಕ್ಕೆ ಮಾತ್ರ ಬಳಸು, ಬೇಕಾದಷ್ಟೇ ಕೇಳು, ತಪ್ಪಿದ್ದರೆ ತಿದ್ದು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬೇಡ, ಜೋಪಾನವಾಗಿಡು, ಕೇಳಿದಾಗ ಲೆಕ್ಕ ಒಪ್ಪಿಸು. ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯನ್ನು ತೊಳೆದು ಹಿಂತಿರುಗಿಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹೊಸದು ಏನೆಂದರೆ, ಒಬ್ಬರ ಬಗೆಗಿನ ಮಾಹಿತಿಯೂ ಎರವಲು ತಂದ ಪಾತ್ರೆ ಎಂದು ಕಾನೂನು ಭಾವಿಸಿರುವುದು.

ಇನ್ನೊಂದು ಸೂಕ್ಷ್ಮವಿದೆ. ಯುರೋಪಿನ ಮೂಲಭೂತ ಹಕ್ಕುಗಳ ಸನ್ನದಿನಲ್ಲಿ ಖಾಸಗಿ ಬದುಕಿನ ಹಕ್ಕು ಏಳನೆಯ ವಿಧಿ, ಮಾಹಿತಿ ರಕ್ಷಣೆಯ ಹಕ್ಕು ಎಂಟನೆಯದು. ಎರಡೂ ಒಂದೇ ಅಲ್ಲವೇ ಎಂದು ಮೊದಲು ಅನ್ನಿಸುತ್ತದೆ. ಕನ್ನಡದ ಎರಡು ಪದಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಅಂತರ ತಿಳಿಯುತ್ತದೆ: ಗುಟ್ಟು ಮತ್ತು ಮರ್ಯಾದೆ. ಗುಟ್ಟು ಬೇರೆಯವರಿಗೆ ಗೊತ್ತಾಗಬಾರದ್ದು. ಮರ್ಯಾದೆ ಎಂದರೆ ಗೌರವವೂ ಹೌದು, ಮೇರೆಯೂ ಹೌದು. ಗೊತ್ತಾದ ಮೇಲೂ ಗೊತ್ತಿದ್ದವರು ಎಲ್ಲಿ ನಿಲ್ಲಬೇಕು ಎಂಬ ಗೆರೆ. ಏಳನೆಯ ವಿಧಿ ಗುಟ್ಟನ್ನು ಕಾಯುತ್ತದೆ, ಎಂಟನೆಯದು ಮರ್ಯಾದೆಯನ್ನು. ನಮ್ಮಲ್ಲಿ ಈ ವಿಷಯ ಬಂದಾಗ ಚರ್ಚೆ ಗುಟ್ಟಿನ ಹತ್ತಿರವೇ ನಿಂತುಬಿಡುತ್ತದೆ. 'ಮುಚ್ಚಿಡೋಕೆ ನಮ್ಮ ಹತ್ರ ಏನಿದೆ ಮಾರಾಯ್ರೆ' ಎಂದು ಆಧಾರ್ ಕಾರ್ಡಿನ ಮೂರು ಜೆರಾಕ್ಸ್ ಕೊಟ್ಟು ಬರುತ್ತೇವೆ. ಆ ಪ್ರತಿಗಳು ಯಾವ ಕೆಲಸಕ್ಕೆ ಹೋದವು, ಎಷ್ಟು ದಿನ ಅಲ್ಲಿರುತ್ತವೆ ಎಂಬ ಮರ್ಯಾದೆಯ ಪ್ರಶ್ನೆ ಕೇಳುವುದೇ ಇಲ್ಲ.

ಈ ಕಾನೂನಿನ ಚರಿತ್ರೆಯಲ್ಲಿ ನನಗೆ ತೀರಾ ಹತ್ತಿರವೆನಿಸಿದ ಪ್ರಕರಣ ಸ್ವೀಡನ್ನಿನದು. ಬೋಡಿಲ್ ಲಿಂಡ್‌ಕ್ವಿಸ್ಟ್ ಎಂಬ ಮಹಿಳೆ ಅಲ್ಸೇಡ ಎಂಬಲ್ಲಿನ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವವರು. 1998ರಲ್ಲಿ ಮನೆಯ ಕಂಪ್ಯೂಟರಿನಲ್ಲಿ ಒಂದು ಅಂತರ್ಜಾಲ ಪುಟ ಮಾಡಿ, ಚರ್ಚಿನಲ್ಲಿ ತಮ್ಮ ಜೊತೆ ಕೆಲಸ ಮಾಡುವವರ ಬಗ್ಗೆ ತುಸು ತಮಾಷೆಯ ಧಾಟಿಯಲ್ಲಿ ಬರೆದರು. ಒಬ್ಬರಿಗೆ ಕಾಲು ಪೆಟ್ಟಾಗಿದೆ, ಹಾಗಾಗಿ ಅರ್ಧ ಹೊತ್ತು ಮಾತ್ರ ಕೆಲಸಕ್ಕೆ ಬರುತ್ತಾರೆ ಎಂಬ ಸುದ್ದಿಯೂ ಅದರಲ್ಲಿತ್ತು. ಕೆಲವರಿಗೆ ಹಿಡಿಸಲಿಲ್ಲವೆಂದು ಗೊತ್ತಾದ ಕೂಡಲೇ ಪುಟವನ್ನು ತೆಗೆದೂಹಾಕಿದರು. ಆದರೂ ಮೊಕದ್ದಮೆ ನಡೆಯಿತು. 2003ರ ನವೆಂಬರ್ 6ರಂದು ಯುರೋಪಿನ ನ್ಯಾಯಾಲಯ ಹೇಳಿತು: ಕಾಲಿನ ಪೆಟ್ಟು ಆರೋಗ್ಯದ ಮಾಹಿತಿ, ಲೆಕ್ಕವಿಲ್ಲದಷ್ಟು ಜನರಿಗೆ ಸಿಗುವಂತೆ ಅಂತರ್ಜಾಲದಲ್ಲಿ ಹಾಕಿದ್ದನ್ನು ಮನೆಯೊಳಗಿನ ವಿಷಯ ಎನ್ನಲಾಗದು.

ಇದನ್ನು ಓದಿ ನಗು ಬಂತು. ನಮ್ಮ ನಾರ್ವೆಯಲ್ಲಿ ಒಬ್ಬರ ಕಾಲು ಉಳುಕಿದರೆ ಮಧ್ಯಾಹ್ನದೊಳಗೆ ನಾಲ್ಕು ತೋಟದಾಚೆಯ ಮನೆಗೂ ಗೊತ್ತು. ಎಣ್ಣೆ ಯಾವುದು ಹಚ್ಚಬೇಕು ಎಂಬ ಸಲಹೆ ಸಂಜೆಯೊಳಗೆ ಜಗಲಿಗೆ ಬಂದು ಕವಳ ಹಾಕುತ್ತಾ ಕೂತಿರುತ್ತದೆ. ಹಾಗಾದರೆ ಊರೇ ಅಪರಾಧಿಯೇ? ನಗು ಇಳಿದ ಮೇಲೆ ತೀರ್ಪಿನ ವಿವೇಕ ಹೊಳೆಯಿತು. ಊರಿನ ಮಾತಿಗೆ ಒಂದು ಸುತ್ತಳತೆ ಇದೆ. ನನ್ನ ಕಾಲಿನ ವಿಷಯ ಗೊತ್ತಿದ್ದವರ ಮಂಡಿನೋವು ನನಗೆ ಗೊತ್ತು. ಹೇಳಿದವರು ಯಾರು, ಸುದ್ದಿಗೆ ಬಾಲ ಸೇರಿಸಿದವರು ಯಾರು ಎಂಬುದೂ ಗೊತ್ತಾಗುತ್ತದೆ. ಬೇಕಾದರೆ ಹೋಗಿ ಜಗಳವಾಡಬಹುದು. ಮಳೆಗಾಲ ಮುಗಿಯುವಷ್ಟರಲ್ಲಿ ಊರು ಮರೆತಿರುತ್ತದೆ. ಅಂತರ್ಜಾಲಕ್ಕೆ ಹೋದ ಅದೇ ಮಾತಿಗೆ ಸುತ್ತಳತೆ ಇಲ್ಲ, ಮರೆವು ಇಲ್ಲ, ಎದುರುಬದುರು ನಿಲ್ಲುವ ಅವಕಾಶವೂ ಇಲ್ಲ.

ಹಾಗೆಂದು ಹಳ್ಳಿಯನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಈ ಪರಸ್ಪರತೆ ಎಲ್ಲರಿಗೂ ಸಮನಾಗಿ ಸಿಕ್ಕಿರಲಿಲ್ಲ. ದೊಡ್ಡ ಮನೆಗೆ ಜಗಲಿ, ನಡುಮನೆ, ಒಳಕೋಣೆ ಎಂದು ಮರೆಗಳ ಸಾಲೇ ಇತ್ತು. ಕೂಲಿಯವರ ಲೈನ್ ಮನೆಯಲ್ಲಿ ಒಂದು ಗೋಡೆಯ ಆಚೆಯ ಕೆಮ್ಮು ಈಚೆ ಕೇಳುತ್ತಿತ್ತು. ಒಡೆಯರಿಗೆ ಆಳಿನ ಸಾಲ, ಕುಡಿತ, ಸಂಸಾರ ಎಲ್ಲ ಗೊತ್ತು. ಒಡೆಯರದ್ದು ಗೊತ್ತಿದ್ದರೂ ಆಳು ಬಾಯಿ ಬಿಡುವಂತಿಲ್ಲ. ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಒಂದೇ: 'ಯಾವ ಜನ?' ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ಕೊಡಬೇಕು ಎಂಬುದು ಉತ್ತರದ ಮೇಲೆ ನಿರ್ಧಾರವಾಗುತ್ತಿತ್ತು.

ನಮ್ಮ ಸೀಮೆಯ ಸಾಹಿತ್ಯ ಇದನ್ನು ಕಾನೂನಿಗಿಂತ ಮೊದಲೇ ಕಂಡಿದೆ. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ. ಅವರು ಅದನ್ನು ಬರೆದದ್ದು ಇಂಗ್ಲೆಂಡಿನಲ್ಲಿದ್ದಾಗ. ಅಗ್ರಹಾರ ಬಿಟ್ಟು ಹೊರಟ ಪ್ರಾಣೇಶಾಚಾರ್ಯರಿಗೆ ಯಾರೂ ಗುರುತಿಸದ ಜಾಗ ಬೇಕಾಗಿದೆ. ಆದರೆ ದಾರಿಯಲ್ಲಿ ಪುಟ್ಟ ಗಂಟುಬೀಳುತ್ತಾನೆ. ಅವನಲ್ಲಿ ದ್ವೇಷವಿಲ್ಲ, ಸ್ನೇಹವೇ ಇದೆ. ಬಿಡದೆ ಕೇಳುತ್ತಾ, ಜೊತೆಗೇ ನಡೆಯುತ್ತಾನೆ. ಈ ಭಾಗವನ್ನು ಧರ್ಮಸಂಕಟದ ಕತೆಯಾಗಿ ವಿಮರ್ಶಕರು ಓದುತ್ತಾ ಬಂದಿದ್ದಾರೆ. ಮಾಹಿತಿ ರಕ್ಷಣೆಯ ಪಾಠ ಓದಿದ ಮೇಲೆ ನನಗೆ ಅಲ್ಲಿ ಬೇರೆಯದೂ ಕಂಡಿತು: ತನ್ನ ಬಗ್ಗೆ ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದನ್ನು ತಾನೇ ತೀರ್ಮಾನಿಸಲು ಒದ್ದಾಡುತ್ತಿರುವ ಒಬ್ಬ ಮನುಷ್ಯ. ಆಚಾರ್ಯರಿಗೆ ಇದು ಕೆಲವು ದಿನಗಳ ಸಂಕಟ. ಊರು ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ದಲಿತ ಹುಡುಗನಿಗೆ ಅದು ಪ್ರತಿ ಬಾಗಿಲಿನ ಸಂಕಟ.

ಒಬ್ಬ ಮನುಷ್ಯನ ಆ ಒದ್ದಾಟವನ್ನೇ ಜರ್ಮನಿಯ ಸಂವಿಧಾನ ನ್ಯಾಯಾಲಯ 1983ರ ಡಿಸೆಂಬರ್ 15ರಂದು ಹಕ್ಕೆಂದು ಕರೆಯಿತು. ಸಂದರ್ಭ, ಮನೆಮನೆಯ ಜನಗಣತಿ. ನ್ಯಾಯಾಲಯ ಗಣತಿಯನ್ನು ಬೇಡವೆನ್ನಲಿಲ್ಲ; ಗಣತಿಗೆಂದು ಕೊಟ್ಟ ಉತ್ತರವನ್ನು ಬೇರೆ ಆಡಳಿತದ ಕಡತಗಳಿಗೆ ಹೊಲಿಯುವುದನ್ನು ತಡೆಯಿತು. ತಿದ್ದಿದ ಕಾನೂನಿನಡಿ 1987ರಲ್ಲಿ ಗಣತಿ ನಡೆಯಿತು. ಕರ್ನಾಟಕಕ್ಕೆ ಅದೇ ಪ್ರಶ್ನೆ 2025ರ ಸೆಪ್ಟೆಂಬರಿನಲ್ಲಿ ಬಂತು. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ತಡೆ ಕೊಡಲು ಹೈಕೋರ್ಟ್ ಒಪ್ಪಲಿಲ್ಲ. ಆದರೆ ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಸಂಗ್ರಹಿಸಿದ ಮಾಹಿತಿ ಹೊರಗೆ ಹೋಗಕೂಡದು ಎಂದಿತು. ಸರಿಯಾದ ಮಾತೆಂದು ನನಗನ್ನಿಸುತ್ತದೆ. 'ಯಾವ ಜನ?' ಎಂದು ಜಗಲಿಯಲ್ಲಿ ಕೇಳಿದರೆ ಅವಮಾನ. ಲೆಕ್ಕ ಹಾಕಿ ಪಾಲು ಕೊಡುವುದಕ್ಕೆ ಕೇಳಿದರೆ ನ್ಯಾಯದ ಮೊದಲ ಹೆಜ್ಜೆ. ಪ್ರಶ್ನೆ ಅದೇ, ಉದ್ದೇಶ ಬೇರೆ. ಉದ್ದೇಶವನ್ನು ಕಟ್ಟಿಹಾಕದೆ ಪ್ರಶ್ನೆಯನ್ನು ಮಾತ್ರ ಬಿಟ್ಟರೆ, ಎರಡನೆಯದು ಯಾವಾಗ ಬೇಕಾದರೂ ಮೊದಲನೆಯದಾಗಬಹುದು.

ಇಲ್ಲಿಯೇ ನಮ್ಮ ಕಾನೂನಿನ ಬಗ್ಗೆ ನನ್ನ ತಕರಾರು. ದಾರಿ ತೆರೆದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಹಾಕಿದ ಅರ್ಜಿಯ ಫಲವಾಗಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ಕರಡು, ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿ ಜಾತಿ ಮತ್ತು ಬುಡಕಟ್ಟನ್ನು ಹೆಸರಿಸಿತ್ತು. ಜಿಡಿಪಿಆರ್‌ನ ಒಂಬತ್ತನೆಯ ವಿಧಿಯಲ್ಲಿ ಜನಾಂಗ, ಧರ್ಮ, ಆರೋಗ್ಯ ಎಲ್ಲ ಇದ್ದರೂ ಜಾತಿ ಎಂಬ ಪದವಿಲ್ಲ. ಯುರೋಪಿನಿಂದ ಕಲಿತು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇಟ್ಟ ಕ್ಷಣ ಅದು. ಆದರೆ 2023ರ ಕಾಯ್ದೆಯಲ್ಲಿ ಜಾತಿಯೊಂದೇ ಏಕೆ, ಸೂಕ್ಷ್ಮ ಮಾಹಿತಿ ಎಂಬ ವರ್ಗವೇ ಮಾಯವಾಯಿತು. ಷೂ ಅಳತೆಗೂ ಜಾತಿಗೂ ಈಗ ಒಂದೇ ಬೇಲಿ.

ಭಾಷೆಯನ್ನೂ ಗಮನಿಸಬೇಕು. ಯುರೋಪು ಮಾಹಿತಿ ಹಿಡಿದವರನ್ನು ನೇರವಾಗಿ 'ಕಂಟ್ರೋಲರ್' ಎನ್ನುತ್ತದೆ. ಕೈಯಲ್ಲಿ ಅಧಿಕಾರವಿದೆ ಎಂಬುದನ್ನು ಮರೆಮಾಚುವುದಿಲ್ಲ. ನಮ್ಮ ಕಾಯ್ದೆ 'ಫಿಡ್ಯೂಷಿಯರಿ', ಅಂದರೆ ನಂಬಿಗಸ್ತ, ಎಂದು ಹೆಸರಿಡುತ್ತದೆ. ಮಾಹಿತಿಯ ಮೂಲ ವ್ಯಕ್ತಿಯನ್ನು 'ಪ್ರಿನ್ಸಿಪಲ್', ಅಂದರೆ ಯಜಮಾನ, ಎನ್ನುತ್ತದೆ. ಆದರೆ ಆ ಯಜಮಾನನಿಗೇ ಕರ್ತವ್ಯಗಳ ಪಟ್ಟಿ ಕೊಟ್ಟು, ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಡಬಾರದು, ಕರ್ತವ್ಯ ತಪ್ಪಿದರೆ 10,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಜಿಡಿಪಿಆರ್‌ನಲ್ಲಿ ಇಂಥ ದಂಡವಿಲ್ಲ. ಹೆಸರಿನಲ್ಲಿ ಯಜಮಾನ, ನಡವಳಿಕೆಯಲ್ಲಿ ಒಕ್ಕಲು.

ಯುರೋಪಿನ ಪಠ್ಯವೂ ನಿರ್ದೋಷಿಯಲ್ಲ. ಅದರ ಕಲ್ಪನೆಯಲ್ಲಿರುವುದು ತನ್ನದೇ ಫೋನು, ತನ್ನದೇ ಕೋಣೆ, ಓದಲು ಪುರುಸೊತ್ತು ಇರುವ ಒಬ್ಬಂಟಿ ವ್ಯಕ್ತಿ. ಮನೆಗೊಂದೇ ಫೋನಿದ್ದು, ಅಮ್ಮನ ಒಟಿಪಿ ಮಗನ ಕೈಗೆ ಬರುವ ಸಂಸಾರ ಅದಕ್ಕೆ ಗೊತ್ತಿಲ್ಲ. ಒಪ್ಪಿಗೆ ಎಂಬ ಘನವಾದ ಪದ ಕೊನೆಗೆ ಪರದೆಯ ಮೇಲಿನ ಒಂದು ಗುಂಡಿಯಾಗಿ ಸವೆದದ್ದನ್ನು ದಿನಾ ನೋಡುತ್ತೇವೆ. ಆದರೂ ಅದರ 15ನೆಯ ವಿಧಿ ನನಗೆ ಮುಖ್ಯ: ನನ್ನ ಬಗ್ಗೆ ನಿಮ್ಮ ಹತ್ತಿರ ಏನಿದೆ, ಯಾಕಿದೆ, ಯಾರಿಗೆ ಕೊಟ್ಟಿರಿ ಎಂದು ಕೇಳುವ ಹಕ್ಕು.

ಈ ಹಕ್ಕಿನ ಅರ್ಥ ತಿಳಿಯಲು ಎರಡು ನಾರ್ವೆಗಳನ್ನೇ ಹೋಲಿಸಬಹುದು. ಆ ನಾರ್ವೆಯಲ್ಲಿ ಪ್ರತಿಯೊಬ್ಬರ ಆದಾಯ, ಸಂಪತ್ತು, ಕಟ್ಟಿದ ತೆರಿಗೆ ಸಾರ್ವಜನಿಕ. ಆದರೆ 2014ರಿಂದ, ಯಾರು ಹುಡುಕಿದರು ಎಂಬುದು ಹುಡುಕಿಸಿಕೊಂಡವರಿಗೆ ತಿಳಿಯುತ್ತದೆ. ಆಮೇಲೆ ಹುಡುಕಾಟ ತೀರಾ ಇಳಿಯಿತು. ಈ ನಾರ್ವೆಯ ಪಹಣಿಗಳು ರಾಜ್ಯದ ಸುಮಾರು 2 ಕೋಟಿ ಪಹಣಿಗಳೊಂದಿಗೆ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಸೇರಿದವು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿದ್ದು ದೊಡ್ಡ ಬಿಡುಗಡೆಯೇ. ಸರ್ವೆ ನಂಬರು ಗೊತ್ತಿದ್ದರೆ ಯಾರ ಪಹಣಿಯನ್ನಾದರೂ, ಅದರಲ್ಲಿ ದಾಖಲಾದ ಬ್ಯಾಂಕಿನ ಸಾಲದ ಸಮೇತ, ನೋಡಬಹುದು. ತೆರೆದಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಜಮೀನಿನ ವ್ಯವಹಾರಕ್ಕೆ ಅದು ಬೇಕು. ಆದರೆ ನೋಡಿದವರು ಯಾರು ಎಂಬುದು ರೈತನಿಗೆ ತಿಳಿಯುವುದಿಲ್ಲ. ಜಗಲಿಯಲ್ಲಿ ಇದ್ದ ಪರಸ್ಪರತೆ ಅಲ್ಲಿ ಉಳಿದಿದೆ, ಇಲ್ಲಿ ಕಳೆದುಹೋಗಿದೆ.

ನಮ್ಮ ಕಾಯ್ದೆಯಲ್ಲಿ ಎತ್ತಿ ಹಿಡಿಯಬೇಕಾದ ಒಂದು ಸಾಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಪಡೆಯುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲೂ. ಆ ಸೂಚನೆಗಳನ್ನು ಬರೆಯುವವರು ಯಾರು? ಇಂಗ್ಲಿಷಿನ ಗಂಟುಗಂಟು ವಾಕ್ಯಗಳನ್ನು ಯಂತ್ರಕ್ಕೆ ಕೊಟ್ಟು ತೆಗೆದ ಕನ್ನಡವಾದರೆ, ನಾವು ಓದದೆ ಒತ್ತುವ ಇನ್ನೊಂದು ಗುಂಡಿ ಅಷ್ಟೇ. ನಿಯಮಗಳು 2025ರ ನವೆಂಬರಿನಲ್ಲಿ ಬಂದು, ಹಂತಹಂತವಾಗಿ ಜಾರಿಗೆ ಬರುತ್ತಿವೆ; ಇನ್ನೂ ಸಮಯವಿದೆ. 'ಇದು ಯಾಕೆ ಬೇಕು? ಯಾರಿಗೆ ಕೊಡ್ತೀರಿ? ಯಾವಾಗ ಅಳಿಸ್ತೀರಿ?' ಎಂಬ ಮೂರು ಪ್ರಶ್ನೆಗಳಿಗೆ ನಮ್ಮೂರಿನ ಸೊಸೈಟಿಯ ಕಟ್ಟೆಯ ಮೇಲೆ ಕೂತವರಿಗೂ ತಿಳಿಯುವ ಉತ್ತರ ಕನ್ನಡದಲ್ಲಿ ಬರೆಯುವುದು ಕಾನೂನಿನವರ ಕೆಲಸ ಮಾತ್ರವಲ್ಲ, ಕನ್ನಡ ಬರೆಯುವವರ ಕೆಲಸವೂ ಹೌದು.