ತಕ್ಕಡಿಯ ಮಾತು, ಕರುಣೆಯ ಮಾತು

ಕೃಷ್ಣೆಗೆ ಅಡ್ಡಲಾಗಿ ಹತ್ತು ಕಿಲೋಮೀಟರಿಗೂ ಮಿಕ್ಕು ಹಬ್ಬಿರುವ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು, ಅದರ ಬೆನ್ನಿಗೆ ಬಸವಸಾಗರವು ತುಂಬಿ ನಿಂತ ಕಾಲದಿಂದ ಆ ಸೀಮೆಯ ಜನರ ನಿತ್ಯದ ಮಾತಿನಲ್ಲಿ ನೆಲೆಗೊಂಡ ಶಬ್ದವೊಂದುಂಟು: ಪರಿಹಾರ. ಹಿನ್ನೀರಿನಲ್ಲಿ ಹೊಲ ಮುಳುಗಿದವನಿಗೆ ಸರಕಾರ ಕೊಡುವುದೂ ಪರಿಹಾರ. ಗೇಟುಗಳಿಂದ ಬಿಟ್ಟ ನೀರು ಕೆಳಗಣ ದಂಡೆಯ ಭತ್ತದ ಗದ್ದೆಗೆ ನುಗ್ಗಿದಾಗ ಕೊಡುವುದೂ ಪರಿಹಾರ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಕಾಂಪೆನ್ಸೇಷನ್ ಎಂದೂ ಎರಡನೆಯದಕ್ಕೆ ರಿಲೀಫ್ ಎಂದೂ ಬೇರೆ ಬೇರೆ ಹೆಸರಿದೆ. ಈ ಎರಡನ್ನೂ ಒಂದೇ ಶಬ್ದದಲ್ಲಿ ಅಡಗಿಸುವ ನಮ್ಮ ಕಚೇರಿಗಳ ರೂಢಿಯು ಭಾಷೆಗೆ ಮಾತ್ರವಲ್ಲದೆ ಮನುಷ್ಯನಿಗೂ ಅನ್ಯಾಯ ಮಾಡಿದೆಯೆಂಬುದು ನನ್ನ ಅಭಿಪ್ರಾಯ.

ಕಾಂಪೆನ್ಸೇಷನ್ ಎಂಬುದರ ಲ್ಯಾಟಿನ್ ಮೂಲದಲ್ಲಿರುವ ಚಿತ್ರ ತಕ್ಕಡಿಯದು: ಒಂದರ ಎದುರಿಗೆ ಇನ್ನೊಂದನ್ನಿಟ್ಟು ತೂಗುವುದು. ರಿಲೀಫ್ ಎಂಬುದರ ಮೂಲದಲ್ಲಿರುವುದು ಹೊರೆಯನ್ನು ಎತ್ತಿ ಹಗುರಗೊಳಿಸುವ ಕೈ. ತೂಗಿದವನು ಲೆಕ್ಕ ಒಪ್ಪಿಸಬೇಕು, ಕಡಮೆಯಾದರೆ ಮತ್ತೆ ಹಾಕಬೇಕು. ಹೊರೆ ಎತ್ತಿದವನಿಗಾದರೋ ಅಂಥ ಕಟ್ಟಿಲ್ಲ, ಅವನು ಎಷ್ಟು ಎತ್ತಿದರೂ ಅದು ಅವನ ಔದಾರ್ಯವೇ. ಒಂದು ಋಣ, ಮತ್ತೊಂದು ದಯೆ. ನಿಜಾಮರ ಆಳಿಕೆಯಲ್ಲಿ ಈ ಪ್ರಾಂತದ ಕಚೇರಿಗಳಿಗೆ ಬಂದ ಉರ್ದುವಿನ ಮುಆವಜಾ ಎಂಬ ಶಬ್ದವೂ ವಿನಿಮಯದ ಅರ್ಥವನ್ನೇ ಒಳಗೊಂಡದ್ದು. ಅಲ್ಲಿಯೂ ದಯೆಯ ಸುಳಿವಿಲ್ಲ.

ನಮ್ಮ ಪರಿಹಾರವೆಂಬುದು ಹೀನ ಕುಲದ ಶಬ್ದವೇನೂ ಅಲ್ಲ. ದೂರಮಾಡುವುದು, ನಿವಾರಿಸುವುದು ಎಂಬುದೇ ಅದರ ಮೂಲಾರ್ಥ. ನಮ್ಮ ಶಾಸನಗಳಲ್ಲಿ ದೊರೆಗಳು ಭೂಮಿಯನ್ನು ಸರ್ವಬಾಧಾಪರಿಹಾರವಾಗಿ ಬಿಟ್ಟರೆಂದು ಬರೆಸಿದಾಗ, ಆ ನೆಲದ ಮೇಲಣ ತೆರಿಗೆ ಕಾಟಗಳೆಲ್ಲ ತೊಲಗಿದುವೆಂದೂ ಅದು ಕಲ್ಲಿನಲ್ಲಿ ಕೊರೆದ ಹಕ್ಕೆಂದೂ ಅರ್ಥವಾಗುತ್ತಿತ್ತು. ಆದರೆ ದೋಷಪರಿಹಾರ, ಪಾಪಪರಿಹಾರ ಎಂದೂ ಆಡುವ ನಾವು ಅದೇ ಶಬ್ದವನ್ನು ಭೂಸ್ವಾಧೀನದ ಕಾಗದಕ್ಕೆ ತಂದಾಗ, ಹೊಲ ಕಳೆದುಕೊಂಡವನು ತನಗರಿವಿಲ್ಲದೆಯೇ ದೋಷವಿರುವವನ ಸಾಲಿನಲ್ಲಿ, ಕೈಯೊಡ್ಡುವವನ ಸಾಲಿನಲ್ಲಿ ನಿಂತುಬಿಡುತ್ತಾನೆ.

ಇದನ್ನು ನಾನು ಕಣ್ಣಾರೆ ಕಂಡದ್ದು ತಾಲ್ಲೂಕು ಕಚೇರಿಯೊಂದರ ಮುಂದಿನ ಬೇವಿನ ಮರದ ಕೆಳಗೆ. ಮಡಚುವ ಮೇಜಿನ ಮೇಲೆ ಹಾಳೆ ಹರಡಿಕೊಂಡು ಅರ್ಜಿ ಬರೆಯುತ್ತಿದ್ದವರು ವಾಡಿಕೆಯಂತೆ, ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ಎಂದು ಓದಿಕೊಳ್ಳುತ್ತಲೇ ಬರೆಯುತ್ತಿದ್ದರು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ರುಮಾಲಿನ ತುದಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದ ಮುದುಕರು ತಟ್ಟನೆ ತಡೆದರು: “ಹೊಲ ನಂದು, ಕೊಟ್ಟಾಂವ ನಾ. ಮತ್ತ ಬೇಡ್ಕೊಳ್ಳೋದ್ಯಾಕ್ರಿ?” ಬರೆಯುವವರು ಲೇಖನಿಯನ್ನು ಎತ್ತದೆಯೇ, “ಎಲ್ಲಾರೂ ಹಂಗ ಬರಸ್ತಾರ ಯಜಮಾನ್ರ, ನೀವು ಹೆಬ್ಬೆಟ್ಟು ಒತ್ರಿ” ಎಂದರು. ಮುದುಕರು ಒತ್ತಿದರು, ಆದರೆ ಶಾಯಿ ಹತ್ತಿದ ಬೆರಳನ್ನು ಬಹಳ ಹೊತ್ತಿನವರೆಗೆ ಮಣ್ಣಿಗೆ ತಿಕ್ಕುತ್ತಿದ್ದರು. ಅವರು ಆ ಹಣವನ್ನು ಒಮ್ಮೆಯೂ ಪರಿಹಾರವೆನ್ನಲಿಲ್ಲ. ಮುಳುಗಡಿ ರೊಕ್ಕ, ಹೊಲದ ರೊಕ್ಕ ಎಂದೇ ಅನ್ನುತ್ತಿದ್ದರು. ಕಚೇರಿಯ ತತ್ಸಮಕ್ಕಿಂತ ಆ ಮಾತಿನಲ್ಲಿ ಹೆಚ್ಚಿನ ಖಚಿತತೆಯಿತ್ತು.

ಕಾನೂನು ಮಾತ್ರ ಈ ಭೇದವನ್ನು ಮರೆತಿರಲಿಲ್ಲ. 1894ರ ಭೂಸ್ವಾಧೀನ ಕಾಯಿದೆಯು ಪೇಟೆಯ ಬೆಲೆಯನ್ನು ಒಂದೆಡೆ ಕಟ್ಟಿ, ಒಡೆಯನ ಇಚ್ಛೆಗೆ ವಿರುದ್ಧವಾಗಿ ಕೊಂಡದ್ದಕ್ಕೆಂದು ಅದರ ಮೇಲೆ ನೂರಕ್ಕೆ 15ನ್ನು ಬೇರೆಯಾಗಿ ಕೂಡಿಸುತ್ತಿತ್ತು. 1984ರಲ್ಲಿ ಅದು 30 ಆಯಿತು, 2013ರ ಕಾಯಿದೆಯಲ್ಲಿ 100 ಆಯಿತು. ಸೊಲೇಷಿಯಂ ಎಂಬ ಈ ಹೆಚ್ಚುವರಿ ಹಣದ ಹೆಸರಿಗೆ ಸಾಂತ್ವನವೆಂದೇ ಅರ್ಥ. ಬೆಲೆ ಬೇರೆ, ಸಾಂತ್ವನ ಬೇರೆ ಎಂದು ಕಾಯಿದೆಯೇ ಬಿಡಿಸಿಟ್ಟದ್ದನ್ನು ನಾವು ಅನುವಾದದಲ್ಲಿ ಮತ್ತೆ ಕಲಸಿದೆವು. ನಷ್ಟಭರ್ತಿ ಎಂಬ ಒಳ್ಳೆಯ ಮಾತು ನಮ್ಮಲ್ಲಿದ್ದೂ ಅದನ್ನು ಬಳಸದೆ ಹೋದದ್ದು ನನಗೆ ವ್ಯಥೆಯ ಸಂಗತಿ.

ಹಾಗೆಂದು ಇಂಗ್ಲಿಷಿನ ವಿಂಗಡಣೆಯನ್ನು ಪೂರ್ಣವೆಂದು ಒಪ್ಪಲೂ ನಾನು ಸಿದ್ಧನಲ್ಲ. ತಕ್ಕಡಿಯಲ್ಲಿ ಕೂರದ ವಸ್ತುಗಳಿವೆ. ಬಸವಸಾಗರದ ಹಿನ್ನೀರು ಕೂಡಲಸಂಗಮವನ್ನು ಮುಟ್ಟುವಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ನೀರನ್ನು ಹೊರಗಿಟ್ಟರು. ಅದಕ್ಕೆ ಬೆಲೆ ಕಟ್ಟಿ ಕೈತೊಳೆದುಕೊಳ್ಳೋಣವೆಂದು ಯಾರಿಗೂ ತೋರಲಿಲ್ಲ, ತೋರಬಾರದಿತ್ತು. ಮುಳುಗಿದ ಊರಿನ ಹನುಮಪ್ಪನ ಗುಡಿಯ ಕಟ್ಟೆಗೂ ಹಿರಿಯರನ್ನು ಹೂಳಿದ ನೆಲಕ್ಕೂ ಅಂಥ ಗೋಡೆ ಏಳಲಿಲ್ಲ. ಯಾವ ತೂಕದ ಕಲ್ಲು ಅವುಗಳ ಎದುರಿಗೆ ನಿಂತೀತು?

ಇನ್ನು ಅಣೆಕಟ್ಟಿನ ಕೆಳಗಿನ ನೀಲಕಂಠರಾಯನಗಡ್ಡಿಯ ಸ್ಥಿತಿ ಇನ್ನೂ ತೊಡಕಿನದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಈ ನಡುಗಡ್ಡೆಯ ಸುತ್ತಲೂ ಕೃಷ್ಣೆ ಏರಿ ದಾರಿ ಕಡಿದುಹೋಗುವುದುಂಟು. ಅಕ್ಕಿ, ಔಷಧಿ ಎಲ್ಲಕ್ಕೂ ಆಚೆ ದಡವನ್ನು ನೋಡಬೇಕು. ಆಗ ಸಲ್ಲುವ ನೆರವನ್ನು ರಿಲೀಫ್ ಎಂದು ಕಡತದಲ್ಲಿ ಬರೆಯುತ್ತಾರೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದ ಮಳೆಗೆ ಹೊಣೆಗಾರರಿಲ್ಲ, ನಿಜ. ಕಟ್ಟೆಯಿಲ್ಲದ ಕಾಲದಲ್ಲಿಯೂ ಹೊಳೆ ಬರುತ್ತಿತ್ತು, ಅದೂ ನಿಜ. ಆದರೆ ಇಂದು ಯಾವ ಗಳಿಗೆಯಲ್ಲಿ ಎಷ್ಟು ಕ್ಯೂಸೆಕ್ ನೀರು ಬಿಡಬೇಕೆಂದು ನಿಶ್ಚಯಿಸುವುದು ಮನುಷ್ಯನ ಕೈ, ಆ ಜಲಾಶಯದ ಕಾಲುವೆಗಳ ನೀರಿನಿಂದ ಹಸುರಾಗುವುದು ಬೇರೆಯವರ ಹೊಲ. ಹೀಗಿರಲಾಗಿ, ಗಡ್ಡಿಯ ಜನರಿಗೆ ಮುಟ್ಟುವ ಅಕ್ಕಿಯ ಮೂಟೆಯಲ್ಲಿ ಎಷ್ಟು ಪಾಲು ದಯೆ, ಎಷ್ಟು ಪಾಲು ಋಣ ಎಂಬುದನ್ನು ಅದನ್ನು ಕಳುಹಿಸುವವರು ಕಡತಕ್ಕೆ ಹೆಸರಿಡುವ ಮುನ್ನವೇ ಲೆಕ್ಕ ಹಾಕತಕ್ಕದ್ದು.