ಕೋಟೆಯಿಂದ ಕೋಟೆಗೆ: ಸೈಕಲ್ ದಾರಿಯ ಬರಹಗಳನ್ನು ಕುರಿತು

ಪ್ರವಾಸ ಕಥನವನ್ನು ಕನ್ನಡ ವಿಮರ್ಶೆ ಎರಡನೆಯ ಪಂಕ್ತಿಯಲ್ಲಿ ಕೂರಿಸಿದೆ. ಅದರೊಳಗೆ ದಾರಿಯ ಕೈಪಿಡಿಗಳಿಗಂತೂ ಪಂಕ್ತಿಯೇ ಇಲ್ಲ. ಆದರೆ ಇಂದು ನಮ್ಮ ನಾಡನ್ನು ಹೊರಗಿನವರು ಓದುವುದು ಬಹುಪಾಲು ಇಂಥ ಬರಹಗಳಲ್ಲೇ. ಕಡಲತೀರದ ಇಂಥ ಊರಿನಿಂದ ಇಂಥ ಊರಿಗೆ ಸೈಕಲ್ಲಿನಲ್ಲಿ ಹೋಗಿ, ನಡುವೆ ಈ ಕೋಟೆ ನೋಡಿ, ಈ ದೇವಸ್ಥಾನ ನೋಡಿ ಎನ್ನುವ ಬರಹಗಳು ಅವು. ಕೇರಳ ಸರಕಾರ ಯೋಜಿಸಿದ ಕರಾವಳಿ ಹೆದ್ದಾರಿ ತಿರುವನಂತಪುರ ಜಿಲ್ಲೆಯಿಂದ ಹೊರಟು ನಮ್ಮ ಮಂಜೇಶ್ವರದ ಕುಂಜತ್ತೂರಿನಲ್ಲಿ ಮುಗಿಯುತ್ತದೆ. ಅದರ ಪಕ್ಕದಲ್ಲಿ ಸೈಕಲ್ ಪಥವೂ ಯೋಜನೆಯಲ್ಲಿದೆ. ಹೀಗಿರುವಾಗ ಈ ಜಾತಿಯ ಬರಹ ಇನ್ನೂ ಹೆಚ್ಚುವುದು ಖಂಡಿತ. ಅದನ್ನು ಸಾಹಿತ್ಯವೆಂದೇ ತಿಳಿದು ಪರೀಕ್ಷಿಸುವುದು ಗಡಿನಾಡಿನ ಓದುಗರ ಅಗತ್ಯ.

ಕುಂಜತ್ತೂರಿನಿಂದ ಹೊಸದುರ್ಗದವರೆಗಿನ ದಾರಿಯನ್ನೇ ತೆಗೆದುಕೊಳ್ಳೋಣ. ಈ ದಾರಿಯಲ್ಲಿ ಮಂಜೇಶ್ವರದ ಜೈನ ಬಸದಿ, ಗೋವಿಂದ ಪೈಗಳ ಮನೆ, ಆರಿಕ್ಕಾಡಿ ಕೋಟೆ, ಪಾರ್ತಿಸುಬ್ಬನ ಕುಂಬಳೆ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಚಂದ್ರಗಿರಿ ಕೋಟೆ, ಬೇಕಲ, ಕೊನೆಗೆ ಹೊಸದುರ್ಗ ಇವೆ. ಇಷ್ಟು ಕಡಿಮೆ ಅಂತರದಲ್ಲಿ ಇಷ್ಟೊಂದು ಕಾಲಗಳು, ಇಷ್ಟೊಂದು ಮತಗಳು ಸಿಗುವ ದಾರಿ ಅಪರೂಪ. ಆದರೆ ಸಾಮಾನ್ಯ ದಾರಿಬರಹ ಇದರಲ್ಲಿ ಎತ್ತಿ ಹಿಡಿಯುವುದು ಬೇಕಲವೊಂದನ್ನೇ, ಬೇಕಲದಲ್ಲಿಯೂ ಕಡಲನ್ನೇ. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಕೇಂದ್ರ ಸರಕಾರ ಘೋಷಿಸಿತು. 1995ರಲ್ಲಿ ‘ಬಾಂಬೆ’ ಚಲನಚಿತ್ರದ ಹಾಡಿನಲ್ಲಿ ಅದೇ ಕೋಟೆ ದೇಶಕ್ಕೆಲ್ಲ ಕಾಣಿಸಿತು. ಆಮೇಲೆ ಬಂದ ವರ್ಣನೆಗಳು ಆ ಹಾಡಿನ ಕಣ್ಣಿನಿಂದ ಹೊರಗೆ ಬಂದಿಲ್ಲ. ಮಳೆ, ಅಲೆ, ಗೋಡೆ, ಸೂರ್ಯಾಸ್ತ: ಇಷ್ಟರಲ್ಲಿ ಕೋಟೆ ಮುಗಿದುಹೋಗುತ್ತದೆ.

ಕೋಟೆ ಮುಗಿಯುವುದು ಅಲ್ಲಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಇದನ್ನು ಕಟ್ಟಿಸಿದನೆಂಬುದು ರೂಢಿಯ ಮಾತು. ಅದಕ್ಕೂ ಮುಂಚೆ ಕೋಲತ್ತಿರಿ ಅರಸರ ಕೋಟೆ ಇಲ್ಲಿತ್ತೆಂಬ ವಾದವೂ ಇದೆ. 1763ರಲ್ಲಿ ಕೆಳದಿ ಹೈದರಾಲಿಗೆ ಸೋತ ಮೇಲೆ ಕೋಟೆ ಮೈಸೂರಿನದಾಯಿತು, 1799ರ ಬಳಿಕ ಕಂಪೆನಿಯದಾಯಿತು. ಕಾಸರಗೋಡು ತಾಲೂಕು ಎನ್ನುವ ಹೆಸರು ಬರುವ ಮೊದಲು ಈ ಸೀಮೆಯ ಹೆಸರೇ ಬೇಕಲ ತಾಲೂಕು. ಕೋಟೆ ಕಾಯಲು ಬಂದು ಇಲ್ಲೇ ನೆಲೆನಿಂತ ರಾಮಕ್ಷತ್ರಿಯ ಮನೆತನಗಳು ಬೇಕಲದಲ್ಲೂ ಹೊಸದುರ್ಗದಲ್ಲೂ ಇಂದಿಗೂ ಇವೆ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಕೋಟೆಯನ್ನು ಅರಸನ ಆಸ್ತಿಯೆಂದೋ ಕಡಲಿನ ಚೌಕಟ್ಟೆಂದೋ ನೋಡುವ ಬರಹಕ್ಕೆ ಈ ಜನ ಕಾಣಿಸುವುದಿಲ್ಲ. ಆ ಬರಹದ ಮೊದಲ ದೋಷ ಇದು: ಕಲ್ಲು ಇದೆ, ಕಲ್ಲಿನ ಬಳಿ ಬದುಕಿದವರಿಲ್ಲ.

ಎರಡನೆಯ ದೋಷ ಹೆಸರಿನದು. ‘ಹೊಸದುರ್ಗ’ ಎಂದರೆ ಹೊಸ ಕೋಟೆ. ಅದೇ ಜಾಗಕ್ಕೆ ಮಲಯಾಳದಲ್ಲಿ ‘ಪುದಿಯಕೋಟ್ಟ’. ಅದರ ಅರ್ಥವೂ ಹೊಸ ಕೋಟೆಯೇ. ಒಂದು ಕೋಟೆಯನ್ನು ಎರಡು ನುಡಿಗಳವರು ತಮ್ಮ ತಮ್ಮ ಬಾಯಲ್ಲಿ ಕರೆದರು. ಇದು ಜಗಳವಲ್ಲ, ನೆರೆಹೊರೆ. ಜಗಳ ಹುಟ್ಟುವುದು ಎರಡರಲ್ಲಿ ಒಂದನ್ನು ಅಳಿಸಿದಾಗ. 2021ರ ಜೂನ್ ತಿಂಗಳಿನಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಬದಲಿಸಲಾಗುತ್ತಿದೆ ಎಂಬ ಆತಂಕ ಎದ್ದಿತು, ಅಂಥ ತೀರ್ಮಾನವೇ ಇಲ್ಲವೆಂದು ಕೇರಳ ಸರಕಾರ ತಿಳಿಸಿತು. ಆದರೆ ಹೆಸರು ಅಳಿಯಲು ಸರಕಾರದ ಆಜ್ಞೆಯೇ ಬೇಕೆಂದಿಲ್ಲ. ದಾರಿಯ ಕೈಪಿಡಿ ಒಂದೇ ರೂಪವನ್ನು ಅಚ್ಚು ಹಾಕುತ್ತ ಹೋದರೆ ಸಾಕು. ಹತ್ತು ವರ್ಷದಲ್ಲಿ ನಮ್ಮ ಮಕ್ಕಳೇ ಆ ರೂಪವನ್ನು ಸರಿಯೆಂದು ತಿಳಿಯುತ್ತಾರೆ. ಚಂದ್ರಗಿರಿ ಸೇತುವೆಯ ಮಾತೂ ಹಾಗೆಯೇ. ಅದರ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತ್ತು. ಒಂದು ತಲೆಮಾರಿನ ಆಸೆಯೆಲ್ಲ ನಿಂತಿದ್ದ ಆ ಹೊಳೆಯನ್ನು ದಾರಿಬರಹ ‘ರಮಣೀಯ’ ಎಂಬ ಒಂದೇ ಮಾತಿನಲ್ಲಿ ದಾಟಿಬಿಡುತ್ತದೆ.

ಇದೇ ದಾರಿಯನ್ನು ಬೇರೆ ಬಗೆಯಲ್ಲಿ ಬರೆದವರಿದ್ದಾರೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಹೊರಟು 1801ರ ಜನವರಿಯಲ್ಲಿ ಈ ಕರಾವಳಿಯಲ್ಲೇ ಮಂಗಳೂರಿನ ಕಡೆಗೆ ಬಂದ. ಅವನ ಪ್ರವಾಸದ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಕಂಪೆನಿಯ ನೌಕರ. ಅವನ ಕಣ್ಣು ಕಂದಾಯದ ಮೇಲೆ. ಅವನ ಬರಹದಲ್ಲಿ ಸೊಗಸಿಲ್ಲ, ನಮ್ಮ ಮೇಲೆ ಮಮತೆಯೂ ಇಲ್ಲ. ಆದರೂ ಹೋದಲ್ಲೆಲ್ಲ ಗದ್ದೆಯ ಬೆಳೆ, ಗೇಣಿ, ಕೂಲಿ, ಜಾತಿಗಳ ಕಸುಬು, ಮಾತನಾಡುವ ಭಾಷೆ ಇವುಗಳನ್ನು ಕೇಳಿ ಬರೆದುಕೊಂಡ. ಒಡೆಯನ ಲೆಕ್ಕಕ್ಕಾಗಿ ಕೇಳಿದ ಪ್ರಶ್ನೆಗಳಿಂದಲೇ ಇನ್ನೂರು ವರ್ಷದ ಹಿಂದಿನ ನಮ್ಮ ಹಿರಿಯರು ನಮಗೆ ಸಿಕ್ಕಿದ್ದಾರೆ. ಪ್ರೀತಿಯಿಂದ ಬರೆಯುವವರು ಅಷ್ಟನ್ನಾದರೂ ಕೇಳಬಾರದೆ?

ನಮ್ಮ ಭಾಷೆಯ ಪ್ರವಾಸ ಕಥನದ ಪರಂಪರೆಯೂ ಇದಕ್ಕೆ ಹೊಣೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯ ಹಾಳನ್ನು ನೋಡುವ ಒಂದು ಮನೋಧರ್ಮವನ್ನು ಕನ್ನಡಕ್ಕೆ ಕೊಟ್ಟಿತು. ಅವರ ಕೈಯಲ್ಲಿ ಅದು ಗಂಭೀರವಾದ ಅನುಭವ. ಅನುಕರಿಸಿದವರ ಕೈಯಲ್ಲಿ ಅದು ಹಾಳು ಗೋಡೆ ಕಂಡೊಡನೆ ನಿಟ್ಟುಸಿರು ಬಿಡುವ ಅಭ್ಯಾಸವಾಯಿತು. ಮಲಯಾಳದಲ್ಲಿ ಎಸ್.ಕೆ. ಪೊಟ್ಟೆಕ್ಕಾಟ್ಟ್ ಆಫ್ರಿಕಾವನ್ನೂ ಬಾಲಿದ್ವೀಪವನ್ನೂ ಸುತ್ತಿ ಬರೆದವರು. ಆದರೆ ಕೋಳಿಕ್ಕೋಡಿನ ಒಂದೇ ಬೀದಿಯ ಜನರನ್ನು ‘ಒರು ತೆರುವಿಂಟೆ ಕಥ’ದಲ್ಲಿ ಬರೆದವರೂ ಅವರೇ. ಊರೂರು ಸುತ್ತಿದ ಕಣ್ಣು ಮನೆಯ ಬೀದಿಗೂ ಬೇಕು ಎಂಬುದಕ್ಕೆ ಇದು ನಿದರ್ಶನ. ಇನ್ನು ನಿರಂಜನರ ‘ಚಿರಸ್ಮರಣೆ’ಯಂತೂ ಪ್ರವಾಸ ಕಥನವಲ್ಲ, 1955ರ ಕಾದಂಬರಿ. ಹೊಸದುರ್ಗದ ಆಚೆ ಕರಾವಳಿಯ ದಾರಿಯನ್ನು ಬಿಟ್ಟು ಒಳಕ್ಕೆ ಹೋದರೆ ಸಿಗುವ ಕಯ್ಯೂರಿನ ರೈತರ ಕತೆ ಅದು. 1941ರ ಹೋರಾಟ, 1943ರ ಮಾರ್ಚಿಯಲ್ಲಿ ನಾಲ್ವರಿಗೆ ಗಲ್ಲು. ಮಲಯಾಳ ಮಾತನಾಡುವ ಹಳ್ಳಿಯ ನೋವನ್ನು ಕನ್ನಡ ಬರೆಯಿತು, ಅದನ್ನು ಮಲಯಾಳ ಮತ್ತೆ ತನ್ನದಾಗಿ ಓದಿತು. ಈ ಸೀಮೆಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ.

ಕಡಲು ಇರುವುದರಿಂದಲೇ ಈ ಮೈಮರೆವು ಎಂದು ಯಾರಾದರೂ ಹೇಳಬಹುದು. ಹಾಗಾದರೆ ಕಡಲೇ ಇಲ್ಲದ ಇನ್ನೊಂದು ಗಡಿಯನ್ನು ನೋಡೋಣ. ಮಹಾರಾಷ್ಟ್ರದ ಮರಾಠವಾಡದಲ್ಲಿ ಉಮರ್ಗಾದಿಂದ ಕಾಸಾರಶಿರ್ಸಿಯ ಮೇಲೆ ನಿಲಂಗಾ, ಅಲ್ಲಿಂದ ದೇವಣಿಯ ಮೇಲೆ ಉದಗೀರ: ಸೈಕಲ್ಲಿನಲ್ಲಿ ಎರಡು ದಿನದ ಹದವಾದ ದಾರಿ. ಎರಡೂ ಕಡೆ ಎರೆಮಣ್ಣು, ತೊಗರಿ, ಸೋಯಾ. ಮಾಂಜ್ರಾ, ತೇರ್ಣಾ ಹೊಳೆಗಳ ಸೀಮೆ. ಉಮರ್ಗಾದ ಮಹಾದೇವ ಗುಡಿ, ನಿಲಂಗಾದ ಮೂರು ಗರ್ಭಗುಡಿಗಳ ನೀಲಕಂಠೇಶ್ವರ, ಉದಗೀರದ ಕೋಟೆ, ಇತಿಹಾಸಕ್ಕೆ ಕೊರತೆಯಿಲ್ಲ. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಪುರದ ಒಡೆಯರೆಂದು ಕರೆದುಕೊಂಡರು. ಆ ಲತ್ತಲೂರೇ ಇಂದಿನ ಲಾತೂರು ಎನ್ನುತ್ತಾರೆ. ಬಸವಣ್ಣನವರ ಕಲ್ಯಾಣ ಉಮರ್ಗಾಕ್ಕೆ ದೂರವಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯವು. ನಾವು ಕೇರಳಕ್ಕೆ ಸೇರಿದ ನವೆಂಬರ್ ಒಂದರಂದೇ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಒಂದೇ ದಿನ ಗೆರೆಯ ಆಚೆಗೆ ಉಳಿದ ಕನ್ನಡದ ಮನೆಗಳು ನಾವು ಮತ್ತು ಅವರು. ಕಾಸರಗೋಡಿನ ಎಷ್ಟು ಮಕ್ಕಳಿಗೆ ಈ ಹೆಸರುಗಳು ಗೊತ್ತು?

ಅಲ್ಲಿಯೂ ದೋಷಗಳು ಇವೇ. ಕಲ್ಲಿನ ಗುಡಿ ಕಂಡರೆ ‘ಹೇಮಾಡಪಂತಿ’ ಎಂಬ ಒಂದೇ ಹೆಸರು. ಹೇಮಾದ್ರಿ ಹದಿಮೂರನೆಯ ಶತಮಾನದ ಸೇವುಣರ ಮಂತ್ರಿ. ಕಲ್ಯಾಣ ಚಾಲುಕ್ಯರ ಶೈಲಿಯ ಗುಡಿಗಳಿಗೂ ಅವನ ಹೆಸರನ್ನೇ ಅಂಟಿಸಿದರೆ ಅದಕ್ಕೆ ಹಿಂದಿನ ಕಾಲವೆಲ್ಲ ಮರೆಯಾಗುತ್ತದೆ. ಹಾಗೆಂದು ನಾವು ಬಂದು ‘ಇದೆಲ್ಲ ಕನ್ನಡದ್ದು’ ಎಂದು ಇನ್ನೊಂದು ಚೀಟಿ ಅಂಟಿಸಿದರೂ ಸುಳ್ಳೇ. ಆ ಸೇವುಣರೇ ಕನ್ನಡದಲ್ಲೂ ಮರಾಠಿಯಲ್ಲೂ ಶಾಸನ ಬರೆಸಿದವರು. ಉದಗೀರ ಕೋಟೆಯಲ್ಲಿ ಅರಬ್ಬಿ, ಪಾರಸಿ ಶಾಸನಗಳಿವೆ. ಅದನ್ನು ಬೀದರದ ಬರೀದಶಾಹಿಗಳು ಆಳಿದರು, 1636ರಲ್ಲಿ ಶಹಜಹಾನನ ಸೇನೆ ಗೆದ್ದಿತು, 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವೂ ನಿಜಾಮನನ್ನು ಸೋಲಿಸಿದ ಕಾಳಗ ಅದರ ಹೆಸರಿನಲ್ಲೇ ಉಳಿಯಿತು. ಅದೇ ಊರಿನಲ್ಲಿ 2022ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಇಂಥ ಊರನ್ನು ಒಂದೇ ನುಡಿಯ ಕತೆಯಾಗಿ ಹೇಳುವುದು ಬರಹಗಾರನ ಸೋಮಾರಿತನ.

ಇನ್ನೂ ದೊಡ್ಡ ಮರೆವು ಒಂದಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ ಈ ಸೀಮೆಯಲ್ಲೇ ಆಯಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಸತ್ತವರು ಸುಮಾರು ಹತ್ತು ಸಾವಿರ. ಐವತ್ತೆರಡು ಹಳ್ಳಿಗಳನ್ನು ಪೂರ್ತಿಯಾಗಿ ಬೇರೆಡೆಗೆ ಸಾಗಿಸಿ ಕಟ್ಟಬೇಕಾಯಿತು. ಸಾವಿರ ವರ್ಷದ ಗುಡಿಗೆ ಎರಡು ಪುಟ ಕೊಟ್ಟು, ಒಂದೇ ಗಳಿಗೆಯಲ್ಲಿ ಹಾಳಾದ ಮನೆಗಳಿಗೆ ಒಂದು ಸಾಲೂ ಕೊಡದ ದಾರಿಬರಹಕ್ಕೆ ‘ಐತಿಹಾಸಿಕ’ ಎಂಬ ಮಾತನ್ನು ಬಳಸುವ ಅರ್ಹತೆ ಇಲ್ಲ. ದೇವಣಿಯ ಹೆಸರು ಹೊತ್ತ ದನದ ತಳಿ ದೇಶಕ್ಕೆಲ್ಲ ಗೊತ್ತು. ಅದನ್ನು ಸಾಕಿದ ಕೈಗಳೂ ಇತಿಹಾಸವೇ.

ಸೈಕಲ್ ಈ ಬಗೆಯ ಬರಹಕ್ಕೆ ತಕ್ಕ ವಾಹನ. ಕಾರಿನಲ್ಲಿ ಹೋಗುವವನಿಗೆ ಹಲಗೆ ಕಾಣುತ್ತದೆ, ಸೈಕಲ್ಲಿನವನಿಗೆ ಮಾತು ಕೇಳಿಸುತ್ತದೆ. ಏರು ಬಂದರೆ ಇಳಿಯಬೇಕು, ಗಾಳಿ ಹೋದರೆ ಯಾರದಾದರೂ ಅಂಗಡಿಯ ಮುಂದೆ ನಿಲ್ಲಬೇಕು, ನೀರು ಕೇಳಬೇಕು. ಕೇಳುವುದು ಯಾವ ಭಾಷೆಯಲ್ಲಿ, ಉತ್ತರ ಬರುವುದು ಯಾವ ಭಾಷೆಯಲ್ಲಿ ಎಂಬುದೇ ಗಡಿನಾಡಿನ ನಿಜವಾದ ಭೂಪಟ. ದಾರಿಬರಹಗಳಲ್ಲಿ ಸೈಕಲ್ ಇದೆ, ಈ ಇಳಿಯುವಿಕೆ ಇಲ್ಲ. ಸೈಕಲ್ಲಿನ ಮೇಲೆ ಕೂತು ಕಾರಿನ ಕಣ್ಣಿನಿಂದ ಬರೆದದ್ದೇ ಅವುಗಳ ಮೂಲ ದೋಷ.

ಆದ್ದರಿಂದ ಈ ಕೆಲಸವನ್ನು ಪ್ರವಾಸೋದ್ಯಮದ ಇಲಾಖೆಗೆ ಬಿಟ್ಟು ಗೊಣಗುವುದು ಸಾಲದು. ಎರಡು ನುಡಿಗಳಲ್ಲಿ ಹೊರಡುವ ಇಂಥ ಸಂಚಿಕೆಗಳು ಕುಂಜತ್ತೂರಿನಿಂದ ಹೊಸದುರ್ಗದವರೆಗಿನ ದಾರಿಯನ್ನು ಊರೂರಿಗೂ ಎರಡೂ ಹೆಸರು ಕೊಟ್ಟು, ಕೋಟೆಯ ಜೊತೆ ಕೋಟೆಯವರನ್ನೂ ಸೇರಿಸಿ ಬರೆಯಿಸಲಿ. ಉಮರ್ಗಾದ ಕನ್ನಡಿಗರಿಂದ ಅವರ ದಾರಿಯ ಬರಹವನ್ನೂ ತರಿಸಿ ಅದರ ಪಕ್ಕದಲ್ಲಿ ಅಚ್ಚು ಹಾಕಲಿ. ಹೈಸ್ಕೂಲಿನ ಹುಡುಗ ಹುಡುಗಿಯರು ಆ ಹಾಳೆಯನ್ನು ಚೀಲದಲ್ಲಿಟ್ಟು ಒಂದು ಭಾನುವಾರ ಆರಿಕ್ಕಾಡಿಯವರೆಗೆ ಸೈಕಲ್ ತುಳಿದು ಬಂದರೆ, ಆ ಬರಹ ಗೆದ್ದಿತೋ ಸೋತಿತೋ ಎಂದು ಅವರೇ ಹೇಳಿಯಾರು.