ಮಾತಿನ ಚಿತ್ರದಲ್ಲಿ ಕ್ಯಾಮೆರಾದ ಔಚಿತ್ಯ

ಮಾತೇ ಪ್ರಧಾನವಾದ ಚಲಚ್ಚಿತ್ರವು ನಾಟಕದ ಪಡಿಯಚ್ಚು ಮಾತ್ರವೆಂಬ ಅಭಿಪ್ರಾಯ ವಿಮರ್ಶೆಯಲ್ಲಿ ಬಹುಕಾಲದಿಂದ ಬೇರೂರಿದೆ. ಈ ಆಕ್ಷೇಪಕ್ಕೆ ಅಂಜಿ ಸಂಭಾಷಣೆಯ ನಡುವೆ ಕ್ಯಾಮೆರಾವನ್ನು ನಿಷ್ಕಾರಣವಾಗಿ ಸುತ್ತಿಸುವ ನಿರ್ದೇಶಕರೂ ಉಂಟು. ನೋಟವೆಂಬುದು ಮಾತಿಗೆ ಹೊರಗಿನಿಂದ ತೊಡಿಸುವ ಅಲಂಕಾರವೆಂಬ ಭಾವನೆಯೇ ಈ ಎರಡಕ್ಕೂ ಮೂಲ. ಸಿಡ್ನಿ ಲುಮೆಟ್ ನಿರ್ದೇಶಿಸಿದ ‘ಟ್ವೆಲ್ವ್ ಆಂಗ್ರಿ ಮೆನ್’ (1957) ಚಿತ್ರವನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲದು.

ರೆಜಿನಾಲ್ಡ್ ರೋಸ್ 1954ರಲ್ಲಿ ಟೆಲಿವಿಷನ್ನಿಗಾಗಿ ಬರೆದ ನಾಟಕವೇ ಇದರ ಮೂಲ. ಕೊಲೆಯ ಆರೋಪ ಹೊತ್ತ ಹುಡುಗನೊಬ್ಬನ ಪ್ರಾಣವು ಹನ್ನೆರಡು ಮಂದಿ ಜ್ಯೂರಿ ಸದಸ್ಯರ ತೀರ್ಮಾನವನ್ನು ಅವಲಂಬಿಸಿದೆ. ಸುಮಾರು 96 ನಿಮಿಷಗಳ ಚಿತ್ರ ಬಹುಮಟ್ಟಿಗೆ ಒಂದೇ ಕೊಠಡಿಯಲ್ಲಿ ನಡೆಯುತ್ತದೆ. ಛಾಯಾಗ್ರಾಹಕರು ಬೋರಿಸ್ ಕಾಫ್‌ಮನ್. ಚಿತ್ರೀಕರಣದ ಕ್ರಮವನ್ನು ಲುಮೆಟ್ ಅವರು 1995ರ ‘ಮೇಕಿಂಗ್ ಮೂವೀಸ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಚಿತ್ರದ ಮೊದಲ ಮೂರನೆಯ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದಲೂ, ನಡುವಣ ಭಾಗವನ್ನು ಕಣ್ಣಿನ ಮಟ್ಟದಿಂದಲೂ, ಕೊನೆಯ ಭಾಗವನ್ನು ಅದಕ್ಕೂ ಕೆಳಗಿನಿಂದಲೂ ಚಿತ್ರಿಸಲಾಯಿತು. ಮಸೂರಗಳೂ ಹಾಗೆಯೇ: 28ರಿಂದ 40 ಮಿಲಿಮೀಟರ್ ಸಂಗಮದೂರದವುಗಳಿಂದ ತೊಡಗಿ ಕ್ರಮೇಣ 50, 75, 100 ಮಿಲಿಮೀಟರಿನವುಗಳನ್ನು ಬಳಸಲಾಯಿತು. ಸಂಗಮದೂರ ಹೆಚ್ಚಿದ ಮಸೂರದಿಂದ ಮುಖವನ್ನು ದೂರದಿಂದ ಹಿಡಿದಾಗ, ಮುಖಕ್ಕೂ ಹಿಂದಣ ಗೋಡೆಗೂ ನಡುವಿನ ಅಂತರ ಕುಗ್ಗಿದಂತೆ ತೋರುತ್ತದೆ. ಕ್ಯಾಮೆರಾ ಕೆಳಗಿಳಿದಂತೆ ಚಾವಣಿಯೂ ಚೌಕಟ್ಟಿನೊಳಕ್ಕೆ ಬರುತ್ತದೆ.

ಕೊಠಡಿಯ ಅಳತೆ ಬದಲಾಗದೆಯೇ ಇಕ್ಕಟ್ಟು ಬೆಳೆಯುವುದು ಇದರ ಮೊದಲ ಫಲ. ಇದಕ್ಕಿಂತ ಮುಖ್ಯವಾದ ಫಲ ಮತ್ತೊಂದುಂಟು. ಆರಂಭದಲ್ಲಿ ಹನ್ನೊಂದು ಮಂದಿಯದು ಒಂದೇ ಮತ. ಅವರನ್ನು ನಾವು ಗುಂಪಾಗಿಯೇ ಕಾಣುತ್ತೇವೆ. ಗುಂಪು ಒಡೆದು, ಪ್ರತಿಯೊಬ್ಬನೂ ತನ್ನ ಮಾತಿಗೆ ತಾನೇ ಹೊಣೆಯಾಗಬೇಕಾಗಿ ಬಂದಾಗ, ಒಂಟಿ ಮುಖ ಚೌಕಟ್ಟನ್ನು ತುಂಬುತ್ತದೆ. ಆಡಿದವನಿಗೆ ಮರೆಯಾಗಲು ಅಲ್ಲಿ ಎಡೆಯಿಲ್ಲ.

ಹಾಗೆಂದು ಸಮೀಪದ ಷಾಟುಗಳೇ ಶ್ರೇಷ್ಠವೆನ್ನಲಾಗದು. ಹತ್ತನೆಯ ಸದಸ್ಯನು ಹುಡುಗನ ವರ್ಗದ ಜನರನ್ನೇ ಹಳಿಯತೊಡಗಿದಾಗ ಉಳಿದವರಲ್ಲಿ ಬಹುತೇಕರು ಒಬ್ಬೊಬ್ಬರಾಗಿ ಎದ್ದು ಬೆನ್ನು ತಿರುಗಿಸುತ್ತಾರೆ. ಈ ಮೌನದ ಖಂಡನೆ ಅರ್ಥವಾಗಬೇಕಾದರೆ ಮಾತನಾಡುವವನೂ ತೊರೆದವರೂ ಒಂದೇ ಚೌಕಟ್ಟಿನಲ್ಲಿರಬೇಕು. ಆದಕಾರಣ ಇಲ್ಲಿ ವಿಶಾಲವಾದ ಷಾಟೇ ಉಚಿತ. ಕೊನೆಗೆ ಎಲ್ಲರೂ ನ್ಯಾಯಾಲಯದಿಂದ ಹೊರಬರುವಾಗ, ಚಿತ್ರದಲ್ಲೇ ಅತ್ಯಂತ ವಿಶಾಲ ನೋಟದ ಮಸೂರವನ್ನು ಎತ್ತರದಲ್ಲಿರಿಸಲಾಗಿದೆ. ಪ್ರೇಕ್ಷಕನಿಗೆ ಉಸಿರಾಡುವಂತಾಗುತ್ತದೆ.

ಈ ಕ್ರಮವನ್ನು ಸೂತ್ರವೆಂದು ಅನುಕರಿಸಿದರೆ ಪ್ರಯೋಜನವಿಲ್ಲ. ಮಾತಿನಿಂದ ಮನುಷ್ಯರ ಸಂಬಂಧದಲ್ಲಿ ಏನು ಬದಲಾಯಿತೆಂಬುದನ್ನು ಮೊದಲು ಅರಿತು, ಬಳಿಕ ಕ್ಯಾಮೆರಾದ ಎಡೆಯನ್ನು ನಿರ್ಣಯಿಸಿರುವುದೇ ಇಲ್ಲಿಯ ಔಚಿತ್ಯ. ಸಂಭಾಷಣೆಯ ಚಿತ್ರಗಳನ್ನು ಅಳೆಯುವಾಗ ವಿಮರ್ಶಕನು ಮಾತಿನ ಪ್ರಮಾಣವನ್ನು ಬಿಟ್ಟು ಈ ನಿರ್ಣಯವನ್ನೇ ಪರೀಕ್ಷಿಸತಕ್ಕದ್ದು.